ಎರಡನೇ ಸಲ ಯಾಕೆ ಶುರುವಾಗಲ್ಲ ಮೇಡಂ?

ಮಂಗಳವಾರ ಕೊನೆಯ ಪೀರಿಯಡ್. ದ್ವಿತೀಯ ಪಿಯು, ಡಿಎನ್‌ಎ ಪಾಠ. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳುತ್ತಲ್ಲ, ಅದು. ಪುಸ್ತಕದಲ್ಲಿ ಒಂದು ಲೆಕ್ಕ ಬರುತ್ತದೆ. ಇ. ಕೋಲೈ ಬ್ಯಾಕ್ಟೀರಿಯಾ ತನ್ನ 46 ಲಕ್ಷ ಬೇಸ್ ಜೋಡಿಗಳನ್ನು, ಅಂದರೆ ಡಿಎನ್‌ಎ ಅಕ್ಷರಗಳ ಜೋಡಿಗಳನ್ನು, 38 ನಿಮಿಷದಲ್ಲಿ ನಕಲು ಮಾಡಿ ಮುಗಿಸುತ್ತದೆ, ಸೆಕೆಂಡಿಗೆ ಸುಮಾರು 2000. ಅಲ್ಲೇ ಕಂಸದೊಳಗೆ ಮನುಷ್ಯರದು 660 ಕೋಟಿ ಅಂತ ಇದೆ. ಮಕ್ಕಳು ಎರಡಕ್ಕೂ ಗೆರೆ ಎಳೆದು ಮುಂದೆ ಹೋಗುತ್ತಾರೆ. ಕಿಟಕಿ ಪಕ್ಕದ ಹುಡುಗಿ ಹೋಗಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿ ಭಾಗಾಕಾರ ಮಾಡಿದ್ದಳು.

“ಮೇಡಂ, ಇದೇ ಸ್ಪೀಡಲ್ಲಿ ಹೋದ್ರೆ ನಮ್ಮ ಒಂದು ಕೋಶಕ್ಕೆ 38 ದಿನ ಬೇಕು. ಆದ್ರೆ ಮಂಡಿ ಗಾಯ ಒಂದು ವಾರಕ್ಕೇ ಮಾಯುತ್ತಲ್ಲ?”

ನನಗೆ ಹಬ್ಬ. ನಿಜ ಸಂಗತಿ ಇನ್ನೂ ಕಷ್ಟದ್ದು ಅಂದೆ. ನಮ್ಮ ಕೋಶಗಳಲ್ಲಿ ನಕಲು ಅಷ್ಟು ಬೇಗ ಓಡುವುದೇ ಇಲ್ಲ, ನಿಮಿಷಕ್ಕೆ ಒಂದೆರಡು ಸಾವಿರ ಅಷ್ಟೇ. ನಮ್ಮ ಒಂದನೇ ಕ್ರೋಮೋಸೋಮ್ ಒಂದರಲ್ಲೇ ಸುಮಾರು 25 ಕೋಟಿ ಜೋಡಿ. ನಡುವಿನ ಒಂದೇ ಜಾಗದಲ್ಲಿ ಶುರುಮಾಡಿ ಎರಡೂ ಕಡೆ ಓಡಿದರೂ ಅದೊಂದಕ್ಕೇ 43 ದಿನ. ಕೋಶ ಈ ಕೆಲಸವನ್ನು ಸುಮಾರು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ಹೇಗೆ? ಹತ್ತಾರು ಸಾವಿರ ಜಾಗಗಳಲ್ಲಿ ಶುರುಮಾಡಿ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು.

“ಅಷ್ಟೊಂದು ಕಡೆ ಶುರುವಾದ್ರೆ, ಒಂದು ಕಡೆ ಮುಗಿದ ಮೇಲೆ ಅಲ್ಲೇ ಎರಡನೇ ಸಲ ಯಾಕೆ ಶುರುವಾಗಲ್ಲ ಮೇಡಂ?”

ಬೆಲ್ ಹೊಡೆಯಿತು. ಹಿಂದಿನ ಬೆಂಚಿನ ಹುಡುಗರು ಬ್ಯಾಗ್ ಹೆಗಲಿಗೇರಿಸಿಕೊಂಡು ಅವಳನ್ನು ಹೇಗೆ ನೋಡಿದರು ಅಂದರೆ, ಬಸ್ ತಪ್ಪಿಸೋಕೆ ಅಂತಲೇ ಕೇಳಿದಳೇನೋ ಅನ್ನೋ ಹಾಗೆ.

ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಹೇಳಿದೆ. ಎದುರು ಟೇಬಲ್ಲಿನ ಸರ್ ತಲೆ ಎತ್ತದೆ, “ನೀಟ್‌ಗೆ ಬರಲ್ಲ ಬಿಡಿ ಮೇಡಂ, ಸುಮ್ನೆ ಟೈಮ್ ವೇಸ್ಟು” ಅಂದರು. ಅವರು ಕೆಟ್ಟವರಲ್ಲ. ಫೀಸ್ ಕಟ್ಟಲಾಗದ ಮಕ್ಕಳಿಗೆ ಕೈಯಿಂದ ಹಾಕಿ ಕಟ್ಟಿದ್ದಾರೆ, ನಾನೇ ನೋಡಿದ್ದೇನೆ. ಆದರೆ ಕೆಳಗೆ ನಾಲ್ಕು ಆಯ್ಕೆ ಇಲ್ಲದಿದ್ದರೆ ಅವರ ಪಾಲಿಗೆ ಅದು ಪ್ರಶ್ನೆಯೇ ಅಲ್ಲ.

ನನಗೆ ಮಾತ್ರ ಆ “ಎರಡನೇ ಸಲ” ಕಿವಿಯಲ್ಲೇ ಉಳಿಯಿತು. ಯಾಕಂದರೆ ಇದೇ ಪ್ರಶ್ನೆಯನ್ನು 1970ರಲ್ಲಿ ರಾವ್ ಮತ್ತು ಜಾನ್ಸನ್ ಅಮೆರಿಕದಲ್ಲಿ ಪ್ರಯೋಗ ಮಾಡಿ ಕೇಳಿದ್ದರು. ಅವರು ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಹೀಲಾ ಕೋಶಗಳನ್ನು ಎರಡೆರಡಾಗಿ ಬೆಸೆದರು. ನಕಲು ನಡೆಯುತ್ತಿರುವ ಕೋಶಕ್ಕೆ ಇನ್ನೂ ಶುರುಮಾಡದ ಕೋಶವನ್ನು ಸೇರಿಸಿದರೆ, ಆ ಎರಡನೆಯದರ ನ್ಯೂಕ್ಲಿಯಸ್ಸೂ ಹೊತ್ತಿಗೆ ಮುಂಚೆ ನಕಲು ಶುರುಮಾಡಿತು. ಆಗಲೇ ನಕಲು ಮುಗಿಸಿದ ಕೋಶವನ್ನು ಸೇರಿಸಿದಾಗ ಅದರ ನ್ಯೂಕ್ಲಿಯಸ್ ಜಪ್ಪಯ್ಯ ಅನ್ನಲಿಲ್ಲ. ಅಂದರೆ ಶುರುಮಾಡಿಸುವ ಸಾಮಾನು ಸುತ್ತಲೂ ಇದ್ದರೂ ಸಾಲದು, ಆ ಡಿಎನ್‌ಎ ಮೇಲೆ ಮೊದಲೇ ಏನೋ ತಯಾರಿ ಆಗಿರಬೇಕು. 1988ರಲ್ಲಿ ಬ್ಲೋ ಮತ್ತು ಲಾಸ್ಕಿ ಕಪ್ಪೆಯ ಮೊಟ್ಟೆಗಳಲ್ಲಿ ಕೆಲಸ ಮಾಡಿ ಆ ತಯಾರಿಗೆ ಲೈಸೆನ್ಸಿಂಗ್ ಅಂತ ಹೆಸರಿಟ್ಟರು.

ಮಾರನೇ ದಿನ ಕ್ಲಾಸಿನಲ್ಲಿ ಮದುವೆ ಊಟದ ಪಂಕ್ತಿ ಹಿಡಿದುಕೊಂಡೆ. ಎಲೆ ಹಾಕುವುದು ಒಂದು ಕೆಲಸ, ಬಡಿಸುವುದು ಇನ್ನೊಂದು. ಬಡಿಸೋಕೆ ಶುರುವಾದ ಮೇಲೆ ಆ ಪಂಕ್ತಿಗೆ ಹೊಸ ಎಲೆ ಬೀಳುವುದಿಲ್ಲ. ಎಲ್ಲರೂ ಎದ್ದ ಮೇಲೆಯೇ ಮುಂದಿನ ಎಲೆ.

ಎಲೆ ಹಾಕುವವರು ಯಾರು? ಓಆರ್‌ಸಿ ಅನ್ನುವ ಪ್ರೋಟೀನ್ ಗುಂಪು ಡಿಎನ್‌ಎ ಮೇಲೆ ಹೋಗಿ ಕೂರುತ್ತದೆ. 1992ರಲ್ಲಿ ಬೆಲ್ ಮತ್ತು ಸ್ಟಿಲ್‌ಮನ್ ಇದನ್ನು ಯೀಸ್ಟಿನಲ್ಲಿ ಕಂಡುಹಿಡಿದರು. ಯೀಸ್ಟಿನಲ್ಲಿ ಅದಕ್ಕೆ ಇಂಥದ್ದೇ ಅಕ್ಷರಗಳ ಸಾಲು ಬೇಕು. ನಮ್ಮ ಕೋಶಗಳಲ್ಲಿ ಹಾಗೆ ಗೊತ್ತುಪಡಿಸಿದ ಸಾಲು ಇಲ್ಲ, ಡಿಎನ್‌ಎ ಸಡಿಲವಾಗಿರುವ ಕಡೆ ಜಾಸ್ತಿ ಕೂರುತ್ತದೆ. ಓಆರ್‌ಸಿ ಜೊತೆ ಸಿಡಿಸಿ6 ಮತ್ತು ಸಿಡಿಟಿ1 ಎಂಬ ಪ್ರೋಟೀನುಗಳು ಸೇರಿ, ಎಂಸಿಎಂ ಅನ್ನುವ ಆರು ತುಂಡಿನ ಉಂಗುರಗಳನ್ನು ಎರಡೆರಡಾಗಿ, ಎದುರುಬದುರಾಗಿ ಡಿಎನ್‌ಎಗೆ ತೊಡಿಸುತ್ತವೆ. ಆ ಉಂಗುರಗಳೇ ಎಲೆಗಳು, ಸುಮ್ಮನೆ ಕಾಯುತ್ತವೆ.

“ಬಡಿಸಿ” ಅನ್ನುವುದು, ಅಂದರೆ ನಕಲು ಶುರುಮಾಡಿಸುವುದು, ಸಿಡಿಕೆ ಮತ್ತು ಡಿಡಿಕೆ ಎಂಬ ಎರಡು ಕಿಣ್ವಗಳು. ಅವು ಎಚ್ಚರಗೊಂಡರೆ, ಟ್ರೆಸ್ಲಿನ್, ಟಾಪ್‌ಬಿಪಿ1 ತರಹದ ಪ್ರೋಟೀನುಗಳ ಸಹಾಯದಿಂದ ಸಿಡಿಸಿ45 ಮತ್ತು ಜಿನ್ಸ್ ಬಂದು ಉಂಗುರಕ್ಕೆ ಅಂಟಿಕೊಳ್ಳುತ್ತವೆ. ಆಗ ಉಂಗುರವೇ ಎರಡು ಎಳೆಗಳನ್ನು ಬಿಡಿಸುವ ಯಂತ್ರವಾಗಿ ಓಡತೊಡಗುತ್ತದೆ. ನಮ್ಮ ಪಾಠದ ಹೀರೋ, ಹೊಸ ಎಳೆ ಕಟ್ಟುವ ಪಾಲಿಮರೇಸ್, ಬರುವುದು ಇಷ್ಟೆಲ್ಲ ಆದ ಮೇಲೆ.

ಇನ್ನು ಅವಳ ಪ್ರಶ್ನೆ. ಬಡಿಸೋಕೆ ಶುರುವಾಗುತ್ತಲೇ ಎಲೆ ಹಾಕುವ ಸಿಡಿಟಿ1 ಅನ್ನು ಕೋಶವೇ ಒಡೆದುಹಾಕುತ್ತದೆ. ಉಳಿದದ್ದರ ಕೈ ಕಟ್ಟಿಹಾಕಲು ಜೆಮಿನಿನ್ ಎಂಬ ಇನ್ನೊಂದು ಪ್ರೋಟೀನ್ ಇದೆ. 1998ರಲ್ಲಿ ಸಿಕ್ಕಿದ್ದು. ಕೋಶ ಎರಡಾಗುವ ಹೊತ್ತಿಗೆ ಜೆಮಿನಿನ್ ಅನ್ನೂ ಒಡೆದುಹಾಕಲಾಗುತ್ತದೆ, ಸಿಡಿಟಿ1 ಮತ್ತೆ ಹುಟ್ಟುತ್ತದೆ. ಎಲೆ ಹಾಕಬಹುದಾದ ಹೊತ್ತಿನಲ್ಲಿ ಬಡಿಸುವಂತಿಲ್ಲ, ಬಡಿಸುವ ಹೊತ್ತಿನಲ್ಲಿ ಎಲೆ ಹಾಕುವಂತಿಲ್ಲ.

ಆಮೇಲೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಜಪಾನಿನ ಮಿಯಾವಾಕಿ ತಂಡ 2008ರಲ್ಲಿ ಈ ಎರಡೇ ಪ್ರೋಟೀನುಗಳ ತುಂಡುಗಳಿಗೆ ಬಣ್ಣ ಕಟ್ಟಿತು. ಸಿಡಿಟಿ1 ಇದ್ದಾಗ ನ್ಯೂಕ್ಲಿಯಸ್ ಕೆಂಪು, ಜೆಮಿನಿನ್ ಇದ್ದಾಗ ಹಸಿರು. ಕೆಂಪು ಹಳದಿಯಾಗಿ, ಹಸಿರಾಗಿ, ಕೋಶ ಎರಡಾಗುತ್ತಲೇ ಹಸಿರು ಪಟ್ಟನೆ ಆರುತ್ತದೆ. ಹುಡುಗಿ ಅದನ್ನು ಹಿಂದೆ ಎಳೆದು ಎಳೆದು ನೋಡಿದಳು. ಬಸ್ಸಿನ ಹುಡುಗರೂ ಬಗ್ಗಿ ನೋಡಿದರು. ಕೆಟ್ಟ ಮಕ್ಕಳೇನಲ್ಲ, ಅವರಿಗೂ ಯಾರೂ ತೋರಿಸಿಲ್ಲ ಅಷ್ಟೇ.

ನನ್ನನ್ನು ಈ ವಾರವಿಡೀ ಕಾಡಿದ್ದು ಮಾತ್ರ ಉಪಯೋಗಕ್ಕೆ ಬಾರದ ಎಲೆಗಳು. ಕೋಶ ತನಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಎಂಸಿಎಂ ಉಂಗುರಗಳನ್ನು ತೊಡಿಸುತ್ತದೆ. ಹೆಚ್ಚಿನವು ಏನೂ ಮಾಡದೆ, ಪಕ್ಕದಿಂದ ಬಂದ ನಕಲು ಹಾದುಹೋದಾಗ ಕಳಚಿ ಬೀಳುತ್ತವೆ. ದಂಡ ಅಲ್ವಾ? ಅಲ್ಲ. ಎಲ್ಲೋ ಒಂದು ಕಡೆ ನಕಲು ನಿಂತುಹೋದರೆ ಪಕ್ಕದ ಮಲಗಿರುವ ಉಂಗುರ ಎದ್ದು ಆ ಜಾಗ ತುಂಬುತ್ತದೆ. ಉಂಗುರದ ಆರು ತುಂಡುಗಳಲ್ಲಿ ಒಂದಾದ ಎಂಸಿಎಂ4 ದುರ್ಬಲವಾಗಿರುವ ಇಲಿಗಳು ಹುಟ್ಟುತ್ತವೆ, ಬೆಳೆಯುತ್ತವೆ, ಆಮೇಲೆ ಹೆಣ್ಣಿಲಿಗಳಲ್ಲಿ ಸ್ತನದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ ಅಂತ 2007ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ಓಆರ್‌ಸಿ, ಸಿಡಿಸಿ6, ಸಿಡಿಟಿ1 ಜೀನುಗಳಲ್ಲಿ ದೋಷವಿದ್ದರೆ ಮಯರ್-ಗೋರ್ಲಿನ್ ಅನ್ನುವ ಅಪರೂಪದ ಕಾಯಿಲೆ: ಕುಳ್ಳು ದೇಹ, ಪುಟ್ಟ ಕಿವಿ, ಮಂಡಿಚಿಪ್ಪು ತೀರಾ ಚಿಕ್ಕದು, ಇಲ್ಲಾಂದರೆ ಇರುವುದೇ ಇಲ್ಲ. ಇದರ ಕಾರಣ ತಿಳಿದದ್ದು 2011ರಲ್ಲಿ.

ನಮ್ಮಲ್ಲಿ ಯಾವುದಕ್ಕೂ “ಏನು ಪ್ರಯೋಜನ” ಅಂತ ಮೊದಲೇ ಕೇಳಿಬಿಡುತ್ತೇವೆ. ಮಾರ್ಕ್ಸ್ ಬರದ ಪ್ರಶ್ನೆ ದಂಡ, ಪರೀಕ್ಷೆಗಿಲ್ಲದ ಪಾಠ ದಂಡ. ಕ್ಲಾಸಿನ ಅರವತ್ತು ಮಕ್ಕಳಲ್ಲಿ ಎಷ್ಟು ಜನ ಡಾಕ್ಟರಾಗುತ್ತಾರೆ? ಉಳಿದವರ ತಲೆಯಲ್ಲಿ ಈ ಎಂಸಿಎಂ ಇದ್ದು ಏನಾಗಬೇಕು ಅಂತ ಎದುರು ಟೇಬಲ್ಲಿನ ಸರ್ ಕೇಳಬಹುದು. ನನ್ನ ಹತ್ತಿರ ಅವರಿಗೆ ಒಪ್ಪುವ ಉತ್ತರ ಇಲ್ಲ. ಆದರೂ ಪಾಠ ಬಿಡುವುದಿಲ್ಲ.

ಶುಕ್ರವಾರ ಅವಳು ಮತ್ತೆ ಬಂದಳು. “ಜೆಮಿನಿನ್ ತೆಗೆದುಬಿಟ್ರೆ ಮೇಡಂ?” 2009ರಲ್ಲಿ ಅದನ್ನೂ ನೋಡಿದ್ದಾರೆ ಅಂದೆ. ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಜೆಮಿನಿನ್ ತಗ್ಗಿಸಿದರೆ ಅವು ಮತ್ತೆ ಮತ್ತೆ ನಕಲು ಶುರುಮಾಡಿ, ಡಿಎನ್‌ಎ ಹಾಳಾಗಿ ಸಾಯುತ್ತವೆ. ಸಾಮಾನ್ಯ ಕೋಶಗಳಿಗೆ ಬೇರೆ ಕಾವಲೂ ಇರುವುದರಿಂದ ಅವಕ್ಕೆ ಅಷ್ಟು ಪೆಟ್ಟಿಲ್ಲ.

“ಹಾಗಾದ್ರೆ ಅದೇ ಔಷಧಿ ಆಗಲ್ವಾ?”

“ಪ್ರಯತ್ನಿಸಬೇಕು ಅಂತ ಅವರೂ ಬರೆದಿದ್ದಾರೆ” ಅಂದೆ. “ಯಾವ ಕಾಲೇಜಲ್ಲಿ ಅದನ್ನ ಓದಬೇಕು?” ಅಂದಳು. ಸಂಜೆ ಕೂತು ಬಿಎಸ್ಸಿ ಜೈವಿಕ ತಂತ್ರಜ್ಞಾನ ಇರುವ ಹತ್ತಿರದ ಕಾಲೇಜುಗಳ ಪಟ್ಟಿ ಮಾಡಿದೆ. ಹಾಸ್ಟೆಲ್ ಫೀಸ್ ವಿಚಾರ ಎದುರು ಟೇಬಲ್ಲಿನ ಸರ್ ಅವರನ್ನೇ ಕೇಳಬೇಕು, ಅದೆಲ್ಲ ಅವರಿಗೆ ಚೆನ್ನಾಗಿ ಗೊತ್ತು.