ಹೊಲದಲ್ಲಿ ಹುಟ್ಟಿದ ಬೆಟ್ಟ

ಬೆಟ್ಟಕ್ಕೂ ಹುಟ್ಟಿದ ದಿನ ಇರುತ್ತದೆ ಅಂದ್ರೆ ನಂಬುತ್ತೀರಾ? ಮೆಕ್ಸಿಕೋದ ಪಾರಿಕುಟಿನ್ ಜ್ವಾಲಾಮುಖಿ ಹುಟ್ಟಿದ್ದು 1943ರ ಫೆಬ್ರವರಿ 20ರಂದು, ಡಿಯೋನಿಸಿಯೊ ಪುಲಿಡೊ ಎಂಬ ರೈತರ ಮೆಕ್ಕೆಜೋಳದ ಹೊಲದಲ್ಲಿ. ಅವರ ಕಣ್ಣೆದುರೇ ನೆಲ ಬಿರಿದು ಹೊಗೆ ಎದ್ದಿತು. ಒಳಗಿನ ಅನಿಲ ಲಾವಾವನ್ನು ಚೂರುಚೂರಾಗಿ ಚಿಮ್ಮಿಸಿತು. ಆ ಚೂರುಗಳು ಆರಿ ಸುತ್ತ ಬಿದ್ದು, ಕಣದಲ್ಲಿ ರಾಶಿ ಹಾಕಿದ ಹಾಗೆ ಬೆಳೆದವು. ಒಂದೇ ವರ್ಷದಲ್ಲಿ 300 ಮೀಟರಿಗೂ ಜಾಸ್ತಿ ಎತ್ತರ!

ಹವಾಯಿಯ ಮೌನಾ ಲೋವಾ ಜ್ವಾಲಾಮುಖಿ ಬೇರೆ ಥರ. ಅಲ್ಲಿ ತೆಳು ಲಾವಾ ದೂರ ಹರಿದು, ಗುರಾಣಿ ಮಗುಚಿಟ್ಟ ಹಾಗೆ ಅಗಲ. ಜಪಾನಿನ ಫ್ಯೂಜಿ ಜ್ವಾಲಾಮುಖಿಯಲ್ಲಿ ಬೂದಿ, ಲಾವಾ ಪದರ ಪದರ.

ಆದ್ರೆ ನನ್ನ ಮನಸ್ಸು ಪಾರಿಕುಟಿನ್‌ನಲ್ಲೇ ಇದೆ. ಪಕ್ಕದ ಊರೊಂದು ಲಾವಾದಡಿ ಹೂತುಹೋಯಿತು. ಕಪ್ಪು ಕಲ್ಲುಗಳ ನಡುವೆ ಚರ್ಚಿನ ಗೋಪುರ ಇವತ್ತಿಗೂ ನಿಂತಿದೆ. ಬಿತ್ತನೆಗೆ ಹೊಲ ಹಸನು ಮಾಡುತ್ತಿದ್ದ ಆ ಜೀವಕ್ಕೆ ಅವತ್ತು ಹೇಗಾಗಿರಬೇಡ!