ಗೋಡೆಯೊಳಗಿನ ಗುಂಯ್

ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತಿತ್ತು. ಅಲಾರಂ ಏನೂ ಇಟ್ಟಿರಲಿಲ್ಲ. ಗುಂಯ್ ಅಂತ ಒಂದು ಸದ್ದು. ಅದು ಹೊರಗಿಂದ ಬಂದ ಹಾಗೆ ಇರಲಿಲ್ಲ, ತಲೆಯ ಒಳಗೇ ಹುಟ್ಟಿದ ಹಾಗಿತ್ತು. ಎದ್ದು ಕೂತರೆ ಮಾಯ. ಮತ್ತೆ ಮಲಗಿದರೆ ಗುಂಯ್. ಹೆಂಡತಿಯನ್ನು ಎಬ್ಬಿಸಿ ಕೇಳಿದೆ. "ಏನೂ ಕೇಳಿಸ್ತಿಲ್ಲ, ಸುಮ್ನೆ ಮಲಗಿ" ಅಂದಳು. ಮೂರನೇ ದಿನಕ್ಕೆ "ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸಿ" ಅನ್ನುವಲ್ಲಿಗೆ ಬಂತು.

ನನ್ನ ಅನುಮಾನ ಮೇಲಿನ ಮನೆಯ ವಾಷಿಂಗ್ ಮೆಷಿನ್ ಮೇಲೆ. ಯಾಕೆ ಅಂತ ಕೇಳಿದರೆ ಕಾರಣ ಇಲ್ಲ. ಮೇಲಿನ ಮನೆಯವರ ಮೇಲೆ ಅನುಮಾನ ಪಡೋದು ಕೆಳಗಿನ ಮನೆಯವರ ಹಕ್ಕು, ಅಲ್ವಾ? ಆದರೂ ಖಾತ್ರಿ ಮಾಡಿಕೊಳ್ಳೋಣ ಅಂತ ಗೋಡೆಗೆ ಕಿವಿ ಹಚ್ಚಿದೆ. ಸದ್ದು ಚೆನ್ನಾಗಿಯೇ ಕೇಳಿಸಿತು. ಆದರೆ ಕಿಟಕಿ ಪಕ್ಕ, ಮೂಲೆಯಲ್ಲಿ, ಸ್ಟೂಲ್ ಹತ್ತಿ ಸೂರಿನ ಹತ್ತಿರ, ಎಲ್ಲ ಕಡೆ ಒಂದೇ ಥರ. ಅಷ್ಟಾದರೂ ಮೇಲೆ ಹತ್ತಿ ಹೋಗಿ ದೂರು ಹೇಳಿಯೇ ಬಿಟ್ಟೆ. ಆ ಮನೆಯ ಆಂಟಿ ಪೂರ್ತಿ ಕೇಳಿಸಿಕೊಂಡು, "ಅಯ್ಯೋ, ಅದು ನಿಮ್ಮ ಮನೆಯಿಂದ ಬರ್ತಿದೆ ಅಂದ್ಕೊಂಡಿದ್ವಿ. ಹೇಳೋಕೆ ಮುಜುಗರ ಆಗಿ ಸುಮ್ನಿದ್ವಿ" ಅಂದರು. ನಾನು ಮೆಟ್ಟಿಲು ಇಳಿದು ಬಂದೆ.

ಇಬ್ಬರದೂ ತಪ್ಪಿಲ್ಲ ಅಂತ ಆಮೇಲೆ ಗೊತ್ತಾಯಿತು. ಬಲಗಡೆ ಯಾರಾದರೂ ಕೂಗಿದರೆ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಒಂಚೂರು ತಡವಾಗಿ. ಆ ತಡ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟೂ ಇಲ್ಲ. ಆದರೂ ದಿಕ್ಕು ಹಿಡಿಯಲು ಮಿದುಳಿಗೆ ಅದು ಸಾಕು. ಗೋಡೆಯ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. 20 ಡಿಗ್ರಿ ಬಿಸಿಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋದರೆ, ಗಟ್ಟಿ ಕಾಂಕ್ರೀಟಿನಲ್ಲಿ 3,000 ಮೀಟರಿಗೂ ಜಾಸ್ತಿ. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಗೋಡೆ, ಕಂಬ, ಸೂರು ಎಲ್ಲ ಅದುರುತ್ತಿರುತ್ತವೆ. ಇಡೀ ಗೋಡೆಯೇ ಸ್ಪೀಕರ್ ಆದಾಗ ಎಲ್ಲಿಂದ ಅಂತ ಹೇಳೋದು?

ಸುಳಿವು ಸಿಕ್ಕಿದ್ದು ಮಗಳಿಂದ. ರಜೆಯ ದಿನ ಮಧ್ಯಾಹ್ನ ಮಲಗಿದ್ದೆ. ನಿದ್ದೆಯಲ್ಲಿ ಮೇಲೆ ಮೇಲೆ ಜಾರಿ, ತಲೆಯನ್ನು ಮಂಚದ ಹಲಗೆಗೆ ಒತ್ತಿಕೊಳ್ಳೋದು ನನ್ನ ಹಳೇ ಚಾಳಿ. ಇದ್ದಕ್ಕಿದ್ದ ಹಾಗೆ ಗರಗರ ಅಂತ ದೊಡ್ಡ ಸದ್ದು. ನೋಡಿದರೆ ಮಗಳು ಹಲಗೆಯ ಆ ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಅವಳ ಪಕ್ಕದಲ್ಲೇ ಕೂತಿದ್ದ ಹೆಂಡತಿಗೆ ಏನೂ ಕೇಳಿಸಿರಲಿಲ್ಲ. ತಲೆ ಎತ್ತಿದೆ, ಸದ್ದಿಲ್ಲ. ತಲೆ ಇಟ್ಟೆ, ಗರಗರ. "ಇನ್ನೊಂದ್ಸಲ ಕೆರಿ ಪುಟ್ಟಿ" ಅಂತ ಹತ್ತು ಸಲ ಕೆರೆಸಿದೆ. ಸದ್ದು ಮರದಿಂದ ನೇರ ತಲೆಬುರುಡೆಗೆ, ಅಲ್ಲಿಂದ ಒಳಗಿವಿಗೆ. ಗಾಳಿಯ ದಾರಿಯೇ ಬೇಡ.

ಮಂಚದ ಹಲಗೆ ಗೋಡೆಗೆ ತಾಗಿತ್ತು. ಅಂದರೆ ಗೋಡೆ, ಹಲಗೆ, ನನ್ನ ತಲೆ, ಮೂರೂ ಒಂದೇ ಸಾಲು. ಮಂಚವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದೆ. ಮರುದಿನ ಬೆಳಗಿನ ಜಾವ ಗುಂಯ್ ಮುಕ್ಕಾಲು ಪಾಲು ಇಳಿದಿತ್ತು. ನಾಲ್ಕು ಬೆರಳು ಗಾಳಿ ಇಷ್ಟು ಕೆಲಸ ಮಾಡುತ್ತದಾ ಅನಿಸಬಹುದು. ಭಾರದ ಗೋಡೆ ಹಗುರ ಗಾಳಿಯನ್ನು ಅಲುಗಿಸಲು ಹೋದಾಗ ಅದುರಿನ ಬಹುಪಾಲು ದಾಟದೆ ಗೋಡೆಯೊಳಗೇ ವಾಪಸ್ ಹೋಗುತ್ತದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಅಂತಾರಲ್ಲ, ಹಾಗೆ.

ಉಳಿದ ಕಾಲು ಪಾಲಿಗೆ ಪ್ಲಂಬರ್ ಕರೆಸಿದೆ. ಅವರು ಮೀಟರು ಗೀಟರು ಏನೂ ತರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಾತ್‌ರೂಮಿನ ಪೈಪಿಗೆ ಒತ್ತಿ, ಹಿಡಿಯನ್ನು ಕಿವಿ ಹಿಂದಿನ ಮೂಳೆಗೆ ಇಟ್ಟುಕೊಂಡರು. ಕೆಳಗೆ ಪಂಪ್ ಹಾಕಿಸಿ ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. "ಸರ್, ಇದು ಮೋಟರ್ ಸೌಂಡು" ಅಂದರು. ತೊಟ್ಟಿಯ ಪಂಪಿಗೆ ನಾಲ್ಕಕ್ಕೆ ಟೈಮರ್ ಇಟ್ಟಿದ್ದರು. ಅದನ್ನು ನೇರ ಕಾಂಕ್ರೀಟಿಗೆ ಬೋಲ್ಟ್ ಮಾಡಿದ್ದರು. ಅದರಿಂದ ಹೊರಟ ಕಬ್ಬಿಣದ ಪೈಪು ನನ್ನ ಮಂಚದ ಹಿಂದಿನ ಗೋಡೆಯನ್ನು ಕ್ಲ್ಯಾಂಪಿನಲ್ಲಿ ಕಚ್ಚಿಕೊಂಡು ಟ್ಯಾಂಕಿನವರೆಗೆ ಹೋಗಿತ್ತು.

ಕಬ್ಬಿಣದ ಪೈಪಿನ ಈ ಗುಣ ಹೊಸದೇನಲ್ಲ. 1808ರಲ್ಲಿ ಫ್ರಾನ್ಸಿನ ವಿಜ್ಞಾನಿ ಬಿಯೋ ಪ್ಯಾರಿಸಿನಲ್ಲಿ 951 ಮೀಟರ್ ಉದ್ದದ ಕಬ್ಬಿಣದ ಪೈಪಿನ ಒಂದು ತುದಿಗೆ ಹೊಡೆಸಿ ಇನ್ನೊಂದು ತುದಿಯಲ್ಲಿ ಕಿವಿ ಕೊಟ್ಟಿದ್ದ. ಒಂದು ಏಟಿಗೆ ಎರಡು ಸದ್ದು ಕೇಳಿಸಿತು. ಮೊದಲನೆಯದು ಕಬ್ಬಿಣದಲ್ಲಿ ಬಂದದ್ದು. ಸುಮಾರು ಎರಡೂವರೆ ಸೆಕೆಂಡು ಬಿಟ್ಟು ಗಾಳಿಯಲ್ಲಿ ಬಂದದ್ದು.

ಭಾರ ಇದ್ದಷ್ಟೂ ಶಬ್ದ ಜೋರಾಗಿ ಓಡುತ್ತದೆ ಅಂತ ನಾನು ತಿಳಿದಿದ್ದೆ. ಅದು ಉಲ್ಟಾ. ಸೀಸ ಅಲ್ಯುಮಿನಿಯಂಗಿಂತ ನಾಲ್ಕು ಪಟ್ಟು ಭಾರ, ಆದರೆ ಅದರಲ್ಲಿ ಶಬ್ದ ಬಹಳ ನಿಧಾನ. ವೇಗ ಕೊಡೋದು ಬಿಗಿತ. ಒಂದು ಕಣ ತಳ್ಳಿದ ಕೂಡಲೇ ಪಕ್ಕದ್ದು ಎಷ್ಟು ಬೇಗ ಸೆಟೆದು ಮುಂದಕ್ಕೆ ತಳ್ಳುತ್ತದೆ ಅನ್ನೋದು ಲೆಕ್ಕ. ಭಾರ ಅದನ್ನು ಹಿಂದಕ್ಕೆ ಎಳೆಯುತ್ತದೆ ಅಷ್ಟೇ. ಮೆತ್ತಗಿನ ರಬ್ಬರ್ ಇನ್ನೊಂದು ಥರ. ಬಂದ ಅದುರಿನಲ್ಲಿ ಒಂದಷ್ಟನ್ನು ಒಳಗೊಳಗೇ ತಿಕ್ಕಾಡಿ ಬಿಸಿ ಮಾಡಿ ಮುಗಿಸುತ್ತದೆ, ಉಳಿದದ್ದನ್ನೂ ಸುಲಭಕ್ಕೆ ದಾಟಲು ಬಿಡಲ್ಲ.

ಪ್ಲಂಬರ್ ಮೋಟರಿನ ಕೆಳಗೆ ದಪ್ಪ ರಬ್ಬರ್ ಹಾಕಿದರು. ಪೈಪಿನ ನಡುವೆ ಒಂದು ಮೊಳ ರಬ್ಬರ್ ಪೈಪು ಸೇರಿಸಿದರು. ಅರ್ಧ ದಿನದ ಕೆಲಸ. ಮೇಲಿನ ಆಂಟಿಗೂ ವಿಷಯ ಹೇಳಿ ಬಂದೆ. ಈ ಸಲ ಮೆಟ್ಟಿಲು ಹತ್ತುವಾಗ ಕಾಲು ಸ್ವಲ್ಪ ಭಾರವಾಗಿತ್ತು.

ಮಂಚವನ್ನು ಮಾತ್ರ ಗೋಡೆಗೆ ವಾಪಸ್ ತಾಗಿಸಿಲ್ಲ. ಆ ಸಂದಿಯಲ್ಲಿ ಮಗಳ ಹೇರ್‌ಕ್ಲಿಪ್ಪು, ನನ್ನ ಕನ್ನಡಕ, ವಾರಕ್ಕೊಮ್ಮೆ ದಿಂಬು, ಎಲ್ಲ ಬೀಳುತ್ತವೆ. ಹೆಂಡತಿ ಕೋಲು ಹಾಕಿ ತೆಗೆಯುತ್ತಾಳೆ. ಗೊಣಗುತ್ತಾಳೆ. ಅದು ಗಾಳಿಯಲ್ಲೇ ಬಂದರೂ ಸ್ಪಷ್ಟವಾಗಿ ಕೇಳಿಸುತ್ತದೆ.