ಇ20 ಪೆಟ್ರೋಲ್: ತುಂಗಭದ್ರಾ ಎಡದಂಡೆ ನಾಲೆಯ ಕಡೆಯಿಂದ ಒಂದು ಲೆಕ್ಕ

ನನ್ನ ಕಾರು 2014ರದು. ಸಿಂಧನೂರಿನಿಂದ ಮಾನ್ವಿ ತಾಲ್ಲೂಕಿನಲ್ಲಿರುವ ಅಕ್ಕನ ಊರಿಗೆ, ಕೆಲಸವಿದ್ದರೆ ಅಲ್ಲಿಂದ ರಾಯಚೂರಿಗೆ, ತಿಂಗಳಿಗೆ ಮೂರು ನಾಲ್ಕು ಸಲ ಅದರಲ್ಲಿ ಓಡಾಡುತ್ತೇನೆ. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಮೀಟರಿನ ಅಂಕಿಯನ್ನೂ ಹಾಕಿಸಿದ ಲೀಟರನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು ಕಾರು ಕೊಂಡ ದಿನದಿಂದಲೂ ನನಗೆ ರೂಢಿ. ಆ ಪುಸ್ತಕದ ಪ್ರಕಾರ 2018ರವರೆಗೆ ಇದೇ ದಾರಿಯಲ್ಲಿ ಲೀಟರಿಗೆ ಸರಾಸರಿ 18.2 ಕಿಲೋಮೀಟರ್ ಓಡುತ್ತಿದ್ದ ಕಾರು ಈಗ 17ರ ಆಸುಪಾಸಿಗೆ ಇಳಿದಿದೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್; ಎಥೆನಾಲ್ ಎಂದರೆ ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ. ಎಂಜಿನ್ನಿಗೂ ವಯಸ್ಸಾಗಿರುವುದರಿಂದ ಇಳಿಕೆಯೆಲ್ಲವನ್ನೂ ಎಥೆನಾಲಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಅದರ ಪಾಲು ದೊಡ್ಡದು ಎಂಬುದಕ್ಕೆ ಸರಳವಾದ ಕಾರಣವಿದೆ.

ಒಂದು ಲೀಟರ್ ಎಥೆನಾಲ್ ಉರಿದಾಗ ಹುಟ್ಟುವ ಶಾಖವು ಒಂದು ಲೀಟರ್ ಪೆಟ್ರೋಲಿನ ಶಾಖಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ಶೇ 20ರಷ್ಟು ಎಥೆನಾಲ್ ಬೆರೆಸಿದ ಇಂಧನದಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ ಇರುತ್ತದೆ. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿ ವರದಿಯೂ ಹಳೆಯ ಕಾರುಗಳ ಮೈಲೇಜ್ ಇಷ್ಟೇ ಪ್ರಮಾಣದಲ್ಲಿ ಕುಸಿಯಬಹುದೆಂದೂ, ದ್ವಿಚಕ್ರ ವಾಹನಗಳಲ್ಲಿ ಇದು ಶೇ 3ರಿಂದ 4ರಷ್ಟಿರುತ್ತದೆಂದೂ, ಇ20ಕ್ಕೆಂದೇ ಹೊಂದಿಸಿದ ಹೊಸ ಕಾರುಗಳಲ್ಲಿ ಶೇ 1ರಿಂದ 2ಕ್ಕೆ ನಿಲ್ಲುತ್ತದೆಂದೂ ಹೇಳಿತ್ತು. ಮೈಲೇಜ್ ಕಾಲುಭಾಗ ಹೋಯಿತು ಎನ್ನುವವರೂ, ಏನೂ ವ್ಯತ್ಯಾಸವಿಲ್ಲ ಎನ್ನುವವರೂ ಲೆಕ್ಕ ತಪ್ಪಿದ್ದಾರೆ.

ಎಥೆನಾಲಿನ ಒಳ್ಳೆಯ ಗುಣಗಳನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ. ಅದರ ಆಕ್ಟೇನ್ ಸಂಖ್ಯೆ (ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ) 108ರ ಸುತ್ತ ಇರುವುದರಿಂದ ಬೆರಕೆ ಇಂಧನವು ಎಂಜಿನ್ನಿನಲ್ಲಿ ಅಕಾಲಿಕವಾಗಿ ಹೊತ್ತಿಕೊಂಡು ಕುಟ್ಟುವುದು ಕಡಿಮೆ. ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ದಹನ ಪೂರ್ಣವಾಗಿ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಕಾರುಗಳಲ್ಲಿ ಶೇ 30ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ 50ರಷ್ಟು ತಗ್ಗುತ್ತದೆ ಎಂದು ಅದೇ ವರದಿ ತಿಳಿಸುತ್ತದೆ. ಬೇಕಾದ ಕಚ್ಚಾತೈಲದ ಶೇ 85ಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶಕ್ಕೆ, ಒಂದು ಪಾಲು ಇಂಧನ ಇಲ್ಲಿಯೇ ತಯಾರಾಗುವುದು ಸಣ್ಣ ಉಪಕಾರವಲ್ಲ.

ಹಳೆಯ ಗಾಡಿಗಳ ರಬ್ಬರಿನ ಮಾತು ಬೇರೆ. ಎಥೆನಾಲ್ ಕೆಲವು ಬಗೆಯ ರಬ್ಬರು ಮತ್ತು ಪ್ಲಾಸ್ಟಿಕ್ಕುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು ಲೋಹಕ್ಕೆ ತುಕ್ಕು ತರಿಸುವ ಗುಣವೂ ಅದಕ್ಕಿದೆ. ಕಳೆದ ಬೇಸಿಗೆಯಲ್ಲಿ ನನ್ನ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರತೊಡಗಿದಾಗ ನಮ್ಮ ಮೆಕ್ಯಾನಿಕ್ ಇಂಧನದ ಪೈಪನ್ನು ಬಿಚ್ಚಿ ಕೈಗಿತ್ತು, "ಸರ, ಹೊರಗ ಚಲೋ ಐತ್ರಿ, ಒಳಗ ನೋಡ್ರಿ, ಮೆತ್ತಗ ಆಗೇತಿ" ಎಂದರು. ಹನ್ನೊಂದು ವರ್ಷ ರಾಯಚೂರು ಸೀಮೆಯ ಬಿಸಿಲು ತಿಂದ ಪೈಪು ಯಾವ ಇಂಧನದಲ್ಲಾದರೂ ಕೆಡಬಹುದಿತ್ತು ಎಂಬುದನ್ನು ಮರೆಯದೆ ಈ ಪ್ರಸಂಗವನ್ನು ಬರೆಯುತ್ತಿದ್ದೇನೆ. ಆದರೆ ಇ20ಕ್ಕೆ ಒಗ್ಗುವ ಬಿಡಿಭಾಗಗಳ ಗಾಡಿಗಳು ಬರತೊಡಗಿದ 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿ ಇಟ್ಟುಕೊಂಡವರು ಪೈಪು, ವಾಷರು, ಗ್ಯಾಸ್ಕೆಟ್ಟುಗಳನ್ನು ವರ್ಷಕ್ಕೊಮ್ಮೆಯಾದರೂ ನೋಡಿಸುವುದು ಒಳ್ಳೆಯದು. ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ತುಂಬಿಸಿಡುವುದು ಲೇಸು. ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೆ ಸೇರುವ ತೇವ ಕಡಿಮೆ.

ಗ್ರಾಹಕನಾಗಿ ನನ್ನ ದೂರು ಇಷ್ಟೇ: ನನಗೆ ಆಯ್ಕೆ ಇಲ್ಲ. 1975ರಿಂದ ಎಥೆನಾಲ್ ಕಾರ್ಯಕ್ರಮ ನಡೆಸುತ್ತ ಬಂದಿರುವ ಬ್ರೆಜಿಲ್‌ನಲ್ಲಿ, ಎಥೆನಾಲ್, ಪೆಟ್ರೋಲ್ ಎರಡನ್ನೂ ಬಳಸಬಲ್ಲ ಕಾರುಗಳು 2003ರಿಂದ ಮಾರಾಟವಾಗುತ್ತಿವೆ. ಅಲ್ಲಿನ ಬಂಕುಗಳಲ್ಲಿ ಎಥೆನಾಲೂ ಬೆರಕೆ ಪೆಟ್ರೋಲೂ ಬೇರೆ ಬೇರೆ ಬೆಲೆಗೆ ಸಿಗುವುದರಿಂದ, ಎಥೆನಾಲಿನ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆಯಿದ್ದರೆ ಅದನ್ನು, ಇಲ್ಲದಿದ್ದರೆ ಇದನ್ನು ಹಾಕಿಸುವುದು ಅಲ್ಲಿನವರಿಗೆ ಅಭ್ಯಾಸವಾಗಿದೆ. ಇಲ್ಲಿ 2003ರಲ್ಲಿ ಶೇ 5ರೊಂದಿಗೆ ಆರಂಭವಾದ ಬೆರಕೆ 2022ರ ಜೂನ್‌ನಲ್ಲಿ ಶೇ 10ಕ್ಕೆ ಮುಟ್ಟಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲಿಯೇ ಮುಟ್ಟಲಾಯಿತು. ಮೈಲೇಜಿನ ನಷ್ಟಕ್ಕೆ ಪ್ರತಿಯಾಗಿ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕೆಂಬ ಸಲಹೆಯೂ ನೀತಿ ಆಯೋಗದ ಆ ವರದಿಯಲ್ಲಿಯೇ ಇದ್ದರೂ ನಾವು ಬಂಕಿನಲ್ಲಿ ಕೊಡುವ ಬೆಲೆಯಲ್ಲಿ ಅದು ಕಾಣಲಿಲ್ಲ.

ಆದರೂ ಬಂಕಿನ ಈ ನಷ್ಟ ನನಗೆ ಸಣ್ಣದಾಗಿ ಕಾಣುತ್ತದೆ. ಮಾನ್ವಿಯ ದಾರಿಯುದ್ದಕ್ಕೂ ನನ್ನನ್ನು ಕಾಡುವುದು ಕಾಲುವೆಯ ಲೆಕ್ಕ.

ತುಂಗಭದ್ರಾ ಎಡದಂಡೆ ಮುಖ್ಯ ನಾಲೆ 227 ಕಿಲೋಮೀಟರ್ ಉದ್ದದ್ದು. ಹತ್ತಿ, ಜೋಳ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಯೋಜಿಸಲಾಗಿತ್ತು. ಗಂಗಾವತಿ, ಕಾರಟಗಿ, ಸಿಂಧನೂರಿನ ನಾವು ಭತ್ತ ಹಚ್ಚಿದೆವು. ನಮ್ಮ ಅಣ್ಣನ ಹೊಲವೂ ಅದಕ್ಕೆ ಹೊರತಲ್ಲ. 133 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ 105.788 ಟಿಎಂಸಿ ಮಾತ್ರ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ, ನದಿಗೆ ಹರಿದುಹೋದ ಒಂದೊಂದು ಟಿಎಂಸಿಯನ್ನೂ ಈ ಭಾಗದ ಮನೆಮನೆಯಲ್ಲಿ ಎಣಿಸಿದ್ದಾರೆ. ನಾಲೆಯ ಕೊನೆಭಾಗದಲ್ಲಿರುವ ಅಕ್ಕನ ಮನೆಯವರು ಫೋನಿನಲ್ಲಿ ಮೊದಲು ಕೇಳುವುದೇ ನಾಲೆಯ 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು.

ಈ ಹಿನ್ನೆಲೆಯಲ್ಲಿ ಅಕ್ಕಿಯಿಂದ ಎಥೆನಾಲ್ ಮಾಡುವುದನ್ನು ನೋಡಬೇಕು. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥೆನಾಲ್ ದೊರೆಯುತ್ತದೆ; ಅಂದರೆ ಲೀಟರಿಗೆ ಸುಮಾರು 2.2 ಕೆಜಿ ಅಕ್ಕಿ. ನನ್ನ ಕಾರಿಗೆ 40 ಲೀಟರ್ ಇ20 ಹಾಕಿಸಿದರೆ ಅದರಲ್ಲಿ 8 ಲೀಟರ್ ಎಥೆನಾಲ್ ಇರುತ್ತದೆ. ಅದೆಲ್ಲವೂ ಅಕ್ಕಿಯದಾದರೆ ಸುಮಾರು 18 ಕೆಜಿ ಅಕ್ಕಿ ಬೇಕು. ನಮ್ಮಲ್ಲಿ ಒಂದು ಎಕರೆಗೆ 75 ಕೆಜಿಯ 40 ಚೀಲ ಭತ್ತ ಬಂದರೆ ಗಿರಣಿಯಿಂದ ಎರಡು ಟನ್ ಅಕ್ಕಿ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಆ ಬೆಳೆಗೆ 1200 ಮಿಲಿಮೀಟರ್ ನೀರು ಕೊಟ್ಟರೆ ಎಕರೆಗೆ 48 ಲಕ್ಷ ಲೀಟರ್ ಆಗುತ್ತದೆ; ಕೆಜಿ ಅಕ್ಕಿಗೆ 2400 ಲೀಟರ್ ಬಿತ್ತು. ಆಗ ನನ್ನ ಒಂದು ಟ್ಯಾಂಕಿನ ಹಿಂದೆ 43,000 ಲೀಟರ್ ನೀರು ನಿಂತಿರುತ್ತದೆ. ಬೇಸಿಗೆಯಲ್ಲಿ ಊರಿಗೆ ಬರುವ 5000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಎಂಟೂವರೆ ಟ್ಯಾಂಕರು. ಗದ್ದೆಯ ನೀರಿನ ಒಂದು ಪಾಲು ಬಸಿದು ಹಳ್ಳಕ್ಕೆ, ಅಂತರ್ಜಲಕ್ಕೆ ಮರಳುತ್ತದೆ ಎಂದು ಕಳೆದರೂ ಉಳಿಯುವ ಮೊತ್ತ ನನ್ನನ್ನು ಅಳುಕಿಸುತ್ತದೆ. ಕಬ್ಬಿನದು ಇದರ ಸುಮಾರು ಅರ್ಧದಷ್ಟು; ಆದರೂ ಅದೇನು ಹಗುರವಲ್ಲ. ಅದರ ಒಂದು ಲೀಟರ್ ಎಥೆನಾಲಿಗೆ 2860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ವರದಿಯೇ ಬರೆದಿದೆ.

ಗೋದಾಮಿನಲ್ಲಿ ಅಕ್ಕಿ ಹೆಚ್ಚಾಗಿ ಕೊಳೆಯುವುದಾದರೆ ಇಂಧನವಾಗಲಿ ಎಂಬ ವಾದಕ್ಕೆ ತೂಕವಿದೆ. ಆದರೆ ಹೆಚ್ಚಳವೆಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2023ರಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಕೇಂದ್ರದ ಸಂಗ್ರಹದಿಂದ ಸಿಗದೆ, ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ಒಬ್ಬರಿಗೆ ತಿಂಗಳಿಗೆ 170 ರೂಪಾಯಿ ನಗದು ಕೊಟ್ಟಿತು. 2025ರಲ್ಲಿ ಕೇಂದ್ರದ ಅಕ್ಕಿ ಕೆಜಿಗೆ 22.50 ರೂಪಾಯಿಗೆ ಎಥೆನಾಲ್ ತಯಾರಿಸುವ ಡಿಸ್ಟಿಲರಿಗಳಿಗೆ ದೊರೆಯಿತು. ಅದೇ ದರದಲ್ಲಿ ರಾಜ್ಯಗಳಿಗೂ ಸಿಕ್ಕಿ, ನಮ್ಮಲ್ಲಿ ನಗದಿನ ಬದಲು ಮತ್ತೆ ಅಕ್ಕಿ ಹಂಚಿದರು ಎಂಬುದನ್ನೂ ಹೇಳಬೇಕು. ಎರಡು ವರ್ಷದ ಅಂತರದಲ್ಲಿ ಕೊರತೆ ಹೆಚ್ಚಳವಾಗಿ ತಿರುಗಬಲ್ಲದು, ಹೆಚ್ಚಳ ಕೊರತೆಯಾಗಿಯೂ ತಿರುಗಬಲ್ಲದು. ಕಟ್ಟಿ ನಿಲ್ಲಿಸಿದ ಡಿಸ್ಟಿಲರಿಯಾದರೋ ಎಲ್ಲ ವರ್ಷವೂ ಧಾನ್ಯ ಬೇಡುತ್ತದೆ.

ಮೆಕ್ಕೆಜೋಳ ನೀರಿನ ದೃಷ್ಟಿಯಿಂದ ಮೇಲು. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯಾಶ್ರಯದಲ್ಲಿಯೇ ಅದು ಬರುತ್ತದೆ. ಟನ್ನಿಗೆ ಸುಮಾರು 380 ಲೀಟರ್ ಎಥೆನಾಲ್ ಕೊಟ್ಟ ಮೇಲೂ ಉಳಿಯುವ ಹಿಂಡಿ ದನಕ್ಕೂ ಕೋಳಿಗೂ ಮೇವಾಗುತ್ತದೆ. ಆದರೆ ಎಥೆನಾಲ್ ಬಂದರೆ ರೈತನಿಗೆ ಬೆಲೆ ಖಚಿತ ಎಂದು ಹೇಳಿದ್ದು ಹಾಗೆಯೇ ನಡೆಯಲಿಲ್ಲ. 2025ರ ಸುಗ್ಗಿಯಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ 2000ವೂ ಸಿಗದೆ ಉತ್ತರ ಕರ್ನಾಟಕದ ಬೆಳೆಗಾರರು ಬೀದಿಗಿಳಿಯಬೇಕಾಯಿತು.

ನಾನು ಆಸೆಯಿಂದ ಕಾಯುತ್ತಿರುವುದು ಹುಲ್ಲಿನ ಎಥೆನಾಲಿಗಾಗಿ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಸ್ಥಾವರ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್ ಎಥೆನಾಲ್ ತೆಗೆಯುವುದು ಅದರ ಉದ್ದೇಶ. ಹುಲ್ಲಿನ ನಾರನ್ನು ಒಡೆದು ಸಕ್ಕರೆಯಾಗಿಸುವ ಕೆಲಸ ಧಾನ್ಯದ ಪಿಷ್ಟವನ್ನು ಹುಳಿಸುವಷ್ಟು ಸುಲಭವಲ್ಲ, ವೆಚ್ಚವೂ ಹೆಚ್ಚು. ಆದರೆ ಅದಕ್ಕೆ ಹೊಸದಾಗಿ ಒಂದು ಹನಿ ಕಾಲುವೆ ನೀರೂ ಬೇಡ. ಅನ್ನಕ್ಕೆಂದು ಹರಿಸಿದ ನೀರಿನಲ್ಲಿಯೇ ಹುಲ್ಲೂ ಬೆಳೆದಿರುತ್ತದೆ. ಕಟಾವು ಯಂತ್ರ ಬಂದ ಮೇಲೆ ನಮ್ಮ ಕಡೆ ಹುಲ್ಲನ್ನು ಬಣವೆ ಒಟ್ಟುವವರು ಕಡಿಮೆಯಾಗಿದ್ದಾರೆ. ಹೋದ ಸುಗ್ಗಿಯಲ್ಲಿ ಅಣ್ಣನೂ ಗದ್ದೆಗೆ ಬೆಂಕಿ ಇಟ್ಟ. ನಾನು ಬೇಡವೆಂದಾಗ ಅವನು, "ಎಕರೆಕ್ಕ ಇಷ್ಟು ಅಂತ ಕೊಟ್ಟು ಒಯ್ಯೋರು ಬರ್ಲಿ, ನಾನೇ ಟ್ರ್ಯಾಕ್ಟರಿಗೆ ಹೇರಿ ಕಳಸ್ತೀನಿ" ಎಂದ. ಆ ಸಂಜೆ ಮಾನ್ವಿಗೆ ಹೊರಟಾಗ ರಸ್ತೆಯ ಎರಡೂ ಬದಿಯ ಗದ್ದೆಗಳಿಂದ ಹೊಗೆ ಏಳುತ್ತಿದ್ದುದರಿಂದ ಹಗಲಿರುವಾಗಲೇ ಹೆಡ್‌ಲೈಟ್ ಹಾಕಿಕೊಂಡು ಹೋದೆ.